ಕಿರುಚುವ ಬ್ರೇಕಿಗೆ ಕೊಬ್ಬರಿ ಎಣ್ಣೆ

ಪುಟ್ಟಿ, ಗುಂಡ,

ನೀವಿಬ್ಬರೂ ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೀರಿ ಎಂದು ನನಗೆ ಗೊತ್ತು. ಅದಕ್ಕೇ ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಬರೆಯುತ್ತಿದ್ದೇನೆ. ಹೋದ ಬೇಸಿಗೆಯಲ್ಲಿ ನಾವು ಬೆಟ್ಟಕ್ಕೆ ಸೈಕಲ್ ಹೊಡೆಯಲು ಹೋದೆವಲ್ಲ, ಅದರ ಮೊದಲ ದಿನದ ಸಂಗತಿ ಇದು. ನಿಮ್ಮಮ್ಮ ಇದನ್ನು ಮನೆಗೆ ಬಂದವರಿಗೆಲ್ಲ ನಗುತ್ತಾ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಅದು ನಡೆದಾಗ ಅವಳು ಅಲ್ಲಿರಲಿಲ್ಲ, ನಾನಿದ್ದೆ. ಗುಂಡ, ಇದು ಹೆಚ್ಚಾಗಿ ನಿನ್ನ ಅಕ್ಕನ ಕಥೆ. ಇಲ್ಲಿಂದ ಮುಂದೆ ‘ನೀನು’ ಎಂದರೆ ಅವಳು. ಬೇಜಾರು ಮಾಡಿಕೊಳ್ಳಬೇಡ, ನೀನೂ ಒಂದೆರಡು ಸಲ ಬರುತ್ತೀಯ.

ನಾನು ಜನರ ಮುಂದೆ ಬಾಯಿ ಬಿಡುವವಳಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಹಾಜರಿ ಕೂಗುವಾಗ ‘ಬಂದಿದೀನಿ ಸಾರ್’ ಎನ್ನಲು ಆಗುತ್ತಿರಲಿಲ್ಲ. ಸುಮ್ಮನೆ ಕೈ ಎತ್ತುತ್ತಿದ್ದೆ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ ನನ್ನ ಹೆಸರಿನ ಮುಂದೆ ಗೈರುಹಾಜರಿ ಹಾಕಿಬಿಡುತ್ತಿದ್ದರು. ಒಂದು ದಿನವೂ ತಪ್ಪಿಸದೆ ಶಾಲೆಗೆ ಹೋದ ನನ್ನ ವಿಷಯದಲ್ಲಿ, ‘ನಿಮ್ಮ ಮಗಳು ಶಾಲೆಗೇ ಬರ್ತಿಲ್ಲ’ ಎಂದು ನಮ್ಮಪ್ಪನಿಗೆ ಹೇಳಿ ಕಳಿಸಿದ್ದರು. ಮದುವೆಯಾದ ಮೇಲೆ ನನ್ನ ಪಾಲಿನ ಮಾತನ್ನೂ ನಿಮ್ಮ ತಾತನೇ ಆಡಿದರು. ಅವರು ಹೋದ ಮೇಲೆ ನಿಮ್ಮಮ್ಮ ನನ್ನನ್ನು ಈ ಪರದೇಶದ ಊರು ಎಸ್ಕಿಲ್‌ಸ್ಟುನಾಗೆ ಕರೆತಂದಳು. ಇಲ್ಲಿ ನನಗೆ ಭಾಷೆ ಬಾರದು ಎಂಬ ಒಳ್ಳೆಯ ನೆಪ ಸಿಕ್ಕಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮೆಟ್ಟಿಲ ಮೇಲೆ ಪಕ್ಕದ ಮನೆಯಾಕೆ ಎದುರಾದಾಗ ತಲೆ ಆಡಿಸಿದರೆ ಸಾಕಾಗುತ್ತಿತ್ತು.

ಈ ಗುಣ ನಿನಗೂ ಬಂದಿದೆ ಪುಟ್ಟಿ. ನಿಮ್ಮಮ್ಮನಿಗೆ ಬರಲಿಲ್ಲ, ಅವಳನ್ನು ದಾಟಿ ನಿನಗೆ ಬಂತು. ಬೆಟ್ಟದಿಂದ ಕೆಳಗಿಳಿಯುವ ಆ ಸೈಕಲ್ ಆಟ ನಿನಗೆ ಬೇಕು ಎಂಬುದನ್ನೂ ನೀನು ಒಂದೇ ಸಲ, ಕಾರಿನ ಹಿಂದಿನ ಸೀಟಿನಲ್ಲಿ, ಕಿಟಕಿಗೆ ಹೇಳುವ ಹಾಗೆ ಹೇಳಿದ್ದೆ. ನಿಮ್ಮಮ್ಮನಿಗೆ ಕೇಳಿಸಿದ್ದು ನಮ್ಮ ಪುಣ್ಯ.

ನಿಮ್ಮಪ್ಪನಿಗೆ ರಜೆ ಸಿಗಲಿಲ್ಲ. ನಾವು ನಾಲ್ವರೇ ಒಂದು ಹಗಲಿಡೀ ಕಾರಿನಲ್ಲಿ ಕುಳಿತು ಹೋದೆವು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಬೆಟ್ಟವಂತೆ ಅದು, ಬೇಸಿಗೆಯಲ್ಲಿ ಸೈಕಲ್ಲಿನವರಿಗೆ ಬಿಟ್ಟುಕೊಡುತ್ತಾರೆ. ತಂತಿಯಲ್ಲಿ ತೂಗುವ ಕುರ್ಚಿಗಳು ಒಂದರ ಹಿಂದೊಂದು ಮೇಲೆ ಹೋಗುತ್ತಿದ್ದವು. ಸೈಕಲ್ಲನ್ನು ಕೊಕ್ಕೆಗೆ ಸಿಕ್ಕಿಸಿ, ಕುರ್ಚಿಯಲ್ಲಿ ಕುಳಿತು ಮೇಲೆ ಹೋಗುವುದು, ಮಣ್ಣಿನ ದಾರಿಯಲ್ಲಿ ಕೆಳಗೆ ಬರುವುದು, ಮತ್ತೆ ಹೋಗುವುದು. ಇಷ್ಟೇ ಆಟ.

ಬೆಳಿಗ್ಗೆ ಎದ್ದರೆ ಮಳೆ, ಬೆಟ್ಟದ ಅರ್ಧ ಮಂಜಿನೊಳಗೆ. ಬಾಡಿಗೆ ಅಂಗಡಿಯಲ್ಲಿ ನಿನಗೆ ಮೊಣಕಾಲು, ಮೊಣಕೈ, ಎದೆ, ಬೆನ್ನಿಗೆಲ್ಲ ಕವಚ ಕಟ್ಟಿ, ಬಾಯಿಯನ್ನೂ ಮುಚ್ಚುವ ಹೆಲ್ಮೆಟ್ ಹಾಕಿದರು. ಅದರೊಳಗೆ ಕೂದಲು ಸಿಕ್ಕಾಗದಿರಲಿ ಎಂದು ನಾನು ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದೆ. ಆ ಎಣ್ಣೆ ಶೀಸೆ ನನ್ನ ಚೀಲದಲ್ಲೇ ಉಳಿಯಿತು. ಅದು ಉಳಿದದ್ದೇ ಎಲ್ಲಕ್ಕೂ ಕಾರಣ.

ಹೊಸಬರಿಗೆ ಕಲಿಸಲು ಒಬ್ಬ ಹುಡುಗಿ ಟೀಚರು ಇದ್ದಳು. ನಿನ್ನ ಗುಂಪಿನಲ್ಲಿ ಎಂಟು ಮಕ್ಕಳು. ಎರಡು ಸಲ ಮೇಲೆ ಹೋಗಿ ಬಂದಿರಿ. ನಾನು ಕೆಳಗೆ ಮರದ ಸೂರಿನಡಿ ಬೆಂಚಿನ ಮೇಲೆ, ಸೀರೆಯ ಮೇಲೆ ನಿಮ್ಮಪ್ಪನ ಜಾಕೆಟ್ಟು, ಕಾಲಿಗೆ ಗಮ್ ಬೂಟು ಹಾಕಿಕೊಂಡು ಕುಳಿತಿದ್ದೆ. ಎರಡನೆಯ ಸಲ ನೀನು ಬಂದಾಗ ನಿನ್ನ ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ಕೆಸರು. ಹಲ್ಲಿನ ಮೇಲೂ ಮಣ್ಣಿತ್ತು. ಮೂರು ಸಲ ಬಿದ್ದೆಯಂತೆ. ಅದಕ್ಕೆ ನೀನು ಅತ್ತಿರಲಿಲ್ಲ. ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು, ‘ಸಾಕು ಅಜ್ಜಿ. ನಾನು ಮತ್ತೆ ಹೋಗಲ್ಲ’ ಅಂದೆ.

‘ಬಿದ್ದು ನೋವಾಯ್ತಾ ಮಗಾ?’

‘ನೋ ನೋ, ಅದಲ್ಲ. ಬ್ರೇಕ್ ಹಿಡಿದ್ರೆ ಕಿರುಚತ್ತೆ. ಸೋ ಲೌಡ್! ಎಲ್ರೂ ತಿರುಗಿ ನೋಡ್ತಾರೆ. ನಾನು ಬರೋದು ಮೊದ್ಲೇ ಎಲ್ರಿಗೂ ಗೊತ್ತಾಗತ್ತೆ.’

ಅದು ನಿಜ. ನೀನು ಇಳಿದು ಬರುವಾಗ ಹಂದಿ ಹಿಡಿದ ಹಾಗೆ ಕಿರುಚುತ್ತಿತ್ತು. ಉಳಿದವರ ಸೈಕಲ್ಲುಗಳೂ ಒದ್ದೆಗೆ ಕಿರುಗುಡುತ್ತಿದ್ದವು, ಆದರೆ ನಿನ್ನದು ಊರಿಗೆಲ್ಲ ಕೇಳುವಂತಿತ್ತು. ನಿನಗೆ ಏನಾಗುತ್ತಿದೆ ಎಂದು ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೆ ಅರ್ಥವಾಗಬೇಕು? ನಿಮ್ಮಮ್ಮನಾದರೆ ‘ನೋಡಿದ್ರೆ ನೋಡ್ಲಿ ಬಿಡೇ’ ಎನ್ನುತ್ತಿದ್ದಳು.

‘ಊಟ ಮಾಡು, ಆಮೇಲೆ ನೋಡನ’ ಅಂದೆ. ಚಪಾತಿ ಪಲ್ಯದ ಸುರುಳಿ ತಿಂದು ನೀನು ಶೌಚಾಲಯದ ಕಡೆ ಹೋದೆ. ಅಷ್ಟು ಹೊತ್ತಿಗೆ ಗುಂಡ ಒಂದು ಹೊಂಡದೊಳಗೆ ಕುಳಿತೇ ಬಿಟ್ಟಿದ್ದರಿಂದ ಅವನ ಬಟ್ಟೆ ಬದಲಾಯಿಸಲು ನಿಮ್ಮಮ್ಮ ಕಾರಿಗೆ ಎಳೆದುಕೊಂಡು ಹೋದಳು. ನಾನು, ಸೈಕಲ್ಲು, ಇಬ್ಬರೇ ಉಳಿದೆವು.

ಕಿರುಗುಟ್ಟುವುದಕ್ಕೆ ಎಣ್ಣೆ ಬಿಡುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಬಾವಿಯ ರಾಟೆ, ಬಾಗಿಲ ತಿರುಗಣಿ, ನಿಮ್ಮಮ್ಮನ ತೊಟ್ಟಿಲ ಕೊಂಡಿ, ಎಲ್ಲಕ್ಕೂ ನಾನೇ ಬಿಡುತ್ತಿದ್ದೆ. ನಿಮ್ಮ ತಾತ ಹಾಲಿನ ಡೈರಿಗೆ ಹೋಗುತ್ತಿದ್ದ ಸೈಕಲ್ಲಿನ ಚೈನಿಗೆ ಮೆಷಿನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆಯೇ ಗತಿ. ‘ನಿನ್ನ ಕೈ ತಾಗಿದ್ರೆ ಸೈಕಲ್ ಮಾತೇ ಆಡಲ್ಲ ನೋಡು, ನಿನ್ ಥರಾನೇ’ ಎಂದು ಅವರು ಛೇಡಿಸುತ್ತಿದ್ದರು.

ನಿನ್ನ ಸೈಕಲ್ಲಿನ ಚಕ್ರ ತಿರುಗಿಸಿ ನೋಡಿದೆ. ಚಕ್ರದ ನಡುವೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ತೂತು ತೂತಿನ ಉಕ್ಕಿನ ತಟ್ಟೆ. ಎಲ್ಲೋ ಉಜ್ಜಿಕೊಂಡು ಸದ್ದು ಬರುತ್ತಿರುವುದು ಅಲ್ಲಿಂದಲೇ. ಚಳಿಗೆ ಶೀಸೆಯೊಳಗೆ ಎಣ್ಣೆ ಗಟ್ಟಿಯಾಗಿತ್ತು. ಫ್ಲಾಸ್ಕಿನ ಬಿಸಿನೀರು ಬಗ್ಗಿಸಿ, ಲೋಟದೊಳಗೆ ಶೀಸೆ ನಿಲ್ಲಿಸಿ ಕರಗಿಸಿದೆ. ಕರವಸ್ತ್ರದ ತುದಿ ಅದ್ದಿಕೊಂಡು, ಹಿಂದಿನ ತಟ್ಟೆ ಮುಂದಿನ ತಟ್ಟೆ, ಆ ಮಗ್ಗುಲು ಈ ಮಗ್ಗುಲು, ಕೆಸರು ಒರೆಸಿ ದೇವರ ದೀಪ ತಿಕ್ಕುವಷ್ಟು ಶ್ರದ್ಧೆಯಿಂದ ಹಚ್ಚಿದೆ. ಚಕ್ರ ತಿರುಗಿಸಿದರೆ ಚಕಾರವಿಲ್ಲ. ನನಗೆ ಎಷ್ಟು ಖುಷಿಯಾಯಿತು ಎಂದರೆ, ತಾತ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ನೆನೆದು ಒಬ್ಬಳೇ ನಕ್ಕೆ.

ನೀನು ಬಂದಾಗ ‘ಇನ್ನೊಂದೇ ಒಂದ್ಸಲ ಹೋಗ್ಬಾ ಮಗಾ. ಈ ಸಲ ಕಿರುಚಲ್ಲ’ ಎಂದೆ.

‘ಹೆಂಗೆ?’

‘ಹೋಗು, ನಿಂಗೇ ಗೊತ್ತಾಗ್ತದೆ.’

ನೀನು ನನ್ನ ಮಾತು ನಂಬಿದೆ. ಹೆಲ್ಮೆಟ್ ಹಾಕಿಕೊಂಡು, ಸೈಕಲ್ ತಳ್ಳಿಕೊಂಡು ಟೀಚರು ನಿಂತಿದ್ದ ಕುರ್ಚಿ ಲಿಫ್ಟಿನ ಸಾಲಿಗೆ ಹೋಗಿ ನಿಂತೆ.

ಆಗ ನನ್ನ ಬೆಂಚಿನ ಪಕ್ಕ ಒಬ್ಬ ವಯಸ್ಸಾದವರು ತಮ್ಮ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದರು. ಚಕ್ರ ಜೋರಾಗಿ ತಿರುಗಿಸಿ, ಹ್ಯಾಂಡಲ್ಲಿನ ಬ್ರೇಕ್ ಅದುಮಿದರು. ಚಕ್ರ ಟಕ್ಕನೆ ನಿಂತಿತು. ಮತ್ತೆ ತಿರುಗಿಸಿದರು, ಅದುಮಿದರು, ನಿಂತಿತು. ನಾನು ಸುಮ್ಮನೆ ನೋಡುತ್ತಿದ್ದೆ. ತಾತನ ಸೈಕಲ್ಲಿನಲ್ಲಿ ಬ್ರೇಕ್ ಹಿಡಿದರೆ ಎರಡು ರಬ್ಬರ್ ತುಂಡುಗಳು ಬಂದು ರಿಮ್ಮನ್ನು ಕಚ್ಚುತ್ತಿದ್ದವು. ಇವರ ರಿಮ್ಮಿನ ಹತ್ತಿರ ರಬ್ಬರೇ ಇಲ್ಲವಲ್ಲ, ಹಾಗಾದರೆ ಚಕ್ರ ನಿಲ್ಲಿಸುತ್ತಿರುವುದು ಯಾವುದು? ಬಗ್ಗಿ ನೋಡಿದೆ. ಒಂದು ಪುಟ್ಟ ಡಬ್ಬಿ ಆ ತೂತಿನ ತಟ್ಟೆಯನ್ನು ಎರಡೂ ಕಡೆಯಿಂದ ಅವುಚಿ ಹಿಡಿದಿತ್ತು.

ನಾನು ಎಣ್ಣೆ ಹಚ್ಚಿದ್ದು ಬ್ರೇಕಿಗೆ.

ತಲೆ ಎತ್ತಿದೆ. ನಿನ್ನ ಮುಂದೆ ನಾಲ್ಕೈದು ಜನ ಇದ್ದರು. ನಿಮ್ಮಮ್ಮ ಕಾಣಲಿಲ್ಲ. ಸಾಲಿನಲ್ಲೂ ಸುತ್ತಲೂ ಮೂವತ್ತು ನಲವತ್ತು ಜನ. ಎದ್ದೆ, ಕೆಸರಿನಲ್ಲಿ ಓಡಿದೆ. ಒಂದು ಬೂಟು ಕೆಸರಿನಲ್ಲೇ ಹೂತು ನಿಂತಿತು, ಕಾಲು ಹೊರಗೆ ಬಂತು. ನಡುವೆ ಕಟಕಟೆ ಕಟ್ಟಿದ್ದರು, ದಾರಿ ಸುತ್ತು. ನಿನ್ನ ಮುಂದೆ ಈಗ ಇಬ್ಬರೇ. ಕೈ ಎತ್ತಿದೆ. ಶಾಲೆಯಲ್ಲಿ ಎತ್ತುತ್ತಿದ್ದೆನಲ್ಲ, ಹಾಗೇ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

ಆಮೇಲೆ ಬಾಯಿಂದ ಬಂದದ್ದು ನನ್ನ ದನಿ ಎಂದು ನನಗೇ ಗೊತ್ತಾಗಲಿಲ್ಲ.

‘ಪುಟ್ಟೀ! ಹತ್ಬೇಡ! ಹತ್ಬೇಡ ಕಣೇ! ನಿಂತ್ಕೋ!’

ಇಡೀ ಸಾಲು ತಿರುಗಿತು. ಮೇಲೆ ಹೋಗುತ್ತಿದ್ದ ಕುರ್ಚಿಯವರೂ ಬಗ್ಗಿ ನೋಡಿದರು. ನೀನು ಹೆಲ್ಮೆಟ್ಟಿನೊಳಗೆ ಕುಗ್ಗಿಹೋದೆ.

‘ಅಜ್ಜಿ, ಪ್ಲೀಸ್! ಕೂಗ್ಬೇಡ!’

‘ಬ್ರೇಕಿಗೆ ಎಣ್ಣೆ ಹಚ್ಬುಟ್ಟಿದೀನಿ! ಟೀಚರಿಗೆ ಹೇಳು! ಅದು ಹಿಡಿಯಲ್ಲ!’

ನೀನು ಸೈಕಲ್ ಹಿಡಿದುಕೊಂಡು ನಿಂತೆಯೇ ಹೊರತು ಹೇಳಲಿಲ್ಲ. ನಾನು ಕಟಕಟೆಯ ಕೆಳಗೆ ನುಗ್ಗಿ ಬಂದು, ಟೀಚರ ತೋಳು ಹಿಡಿದು, ಎಣ್ಣೆ ಶೀಸೆ ತೋರಿಸಿದೆ, ತಟ್ಟೆ ತೋರಿಸಿದೆ, ನನ್ನ ಎದೆ ಮುಟ್ಟಿಕೊಂಡೆ. ‘ನಾನು, ನಾನು’ ಎಂದೆ, ಕನ್ನಡದಲ್ಲೇ. ಅವಳು ತಟ್ಟೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿದಳು. ಸೈಕಲ್ಲನ್ನು ಒಂದಿಷ್ಟು ಉರುಳಿಸಿ ಎರಡೂ ಬ್ರೇಕ್ ಹಿಡಿದಳು. ಸೈಕಲ್ ಸದ್ದಿಲ್ಲದೆ ಮುಂದೆ ಹೋಯಿತು. ಅವಳ ಮುಖ ಗಂಭೀರವಾಯಿತು. ನನ್ನ ಕಡೆ ತಿರುಗಿ ಏನೋ ಹೇಳಿದಳು.

‘ಏನಂತೆ? ಬೈತಿದಾಳಾ?’

ನೀನು ಮೆಲ್ಲಗೆ ಹೇಳಿದೆ: ‘ಇಲ್ಲ. ಬಂದು ಹೇಳಿದ್ದಕ್ಕೆ ಟಾಕ್, ಥ್ಯಾಂಕ್ಸ್ ಅಂತ ಹೇಳ್ತಿದಾಳೆ. ತಪ್ಪು ಮಾಡಿ ಹೇಳದೇ ಇರೋರು ತುಂಬಾ ಜನ ಅಂತೆ.’

ಬೆಂಚಿನ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದ ಆ ಹಿರಿಯರು ನನ್ನ ಬೂಟನ್ನು ಕೆಸರಿನಿಂದ ಕಿತ್ತು ತಂದು, ನನ್ನ ಮುಂದೆ ಇಟ್ಟು ಹೋದರು.

ಅಂಗಡಿಯ ರಿಪೇರಿಯವನು ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಒರೆಸಿದ. ಬ್ರೇಕಿನ ಡಬ್ಬಿಯೊಳಗಿಂದ ಬೆರಳಿನ ಉಗುರಿನಷ್ಟು ದೊಡ್ಡ ನಾಲ್ಕು ಬಿಲ್ಲೆ ತೆಗೆದು ಹೊಸವನ್ನು ಹಾಕಿದ. ಎಣ್ಣೆ ಕುಡಿದ ಬಿಲ್ಲೆ ಇನ್ನು ಕೆಲಸಕ್ಕೆ ಬಾರದಂತೆ. ಅಷ್ಟರಲ್ಲಿ ನಿಮ್ಮಮ್ಮ ಬಂದಳು.

‘ಅಮ್ಮಾ! ಡಿಸ್ಕ್‌ಗೆ ಕೊಬ್ಬರಿ ಎಣ್ಣೆನಾ? ಬೆಳಿಗ್ಗೆಯಿಂದ ಸಂಜೆತನಕ ಫ್ಯಾಕ್ಟರೀಲಿ ನಾನು ಮಾಡೋದೇ ಮೆಷಿನ್‌ಗಳ ಬ್ರೇಕ್ ಕೆಲ್ಸ, ಗೊತ್ತಾ?’

‘ಒಂದಿನಾನಾದ್ರೂ ಮನೇಲಿ ಕೂತು ಹೇಳಿದ್ಯಾ?’ ಎಂದೆ.

ಗುಂಡ ಕೇಳಿದ: ‘ಅಜ್ಜಿ, ನನ್ ಸೈಕಲ್ಗೂ ಹಾಕಿದ್ಯಾ?’ ಅವನ ಸೈಕಲ್ಲು ಎಸ್ಕಿಲ್‌ಸ್ಟುನಾದ ಮನೆಯಲ್ಲಿತ್ತು. ಅದಕ್ಕೆ ಬರೀ ಚೈನಿಗೆ ಬಿಟ್ಟಿದ್ದೆ. ಹಾಗಂತ ಆಣೆ ಮಾಡಿ ಹೇಳಬೇಕಾಯಿತು.

ಸೈಕಲ್ ಸಿದ್ಧವಾಯಿತು. ಅಂಗಳದಲ್ಲಿ ಟೀಚರು ಬ್ರೇಕ್ ಹಿಡಿದು ನೋಡಿದಾಗ ಅದು ಮತ್ತೆ ಮೊದಲಿನ ಹಾಗೇ ಕಿರುಚಿತು. ಒದ್ದೆಯಲ್ಲಿ ಕಿರುಚಲೇಬೇಕಂತೆ. ಇನ್ನು ನೀನು ಹೋಗುವುದಿಲ್ಲ, ಮೊದಲನೆಯ ದಿನವೇ ಕೊನೆಯ ದಿನವಾಯಿತು, ಅದಕ್ಕೆ ನಾನೇ ಕಾರಣ ಎಂದುಕೊಂಡೆ. ‘ಬೇಡ ಅಂದ್ರೆ ಬೇಡ ಬಿಡು ಮಗಾ’ ಎಂದೂ ಹೇಳಿದೆ.

ನೀನು ಸೈಕಲ್ ನೋಡಿದೆ. ನನ್ನ ಒಂದು ಕಾಲಿನ ಕೆಸರು ನೋಡಿದೆ. ಆಮೇಲೆ ಅಂದೆ:

‘ಅಜ್ಜಿ, ಅಷ್ಟು ಜನರ ಮುಂದೆ ನೀನೇ ಕೂಗಿದೆ. ನಂದು ಬರೀ ಬ್ರೇಕ್ ತಾನೇ ಕೂಗೋದು.’

ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಹೋದೆ.

ನೀನು ಹತ್ತಿದ ಕುರ್ಚಿ ಮಂಜಿನೊಳಗೆ ಮಾಯವಾಯಿತು. ನಾವು ಮೂವರೂ ಬೇಲಿಯ ಹತ್ತಿರ ನಿಂತೆವು. ಬಹಳ ಹೊತ್ತು ಮೇಲಿನಿಂದ ಏನೂ ಕಾಣಲಿಲ್ಲ, ಬಿಳಿ ಮಂಜು ಬಿಟ್ಟರೆ. ನಿಮ್ಮಮ್ಮ ಮೊಬೈಲು ಹಿಡಿದುಕೊಂಡು ‘ಯಾವ ಕಡೆಯಿಂದ ಬರ್ತಾಳೋ’ ಎಂದು ಒದ್ದಾಡುತ್ತಿದ್ದಳು. ಆಗ ಮೇಲೆ, ಎಡಗಡೆಗೆ, ಸಣ್ಣಗೆ ಒಂದು ಕಿರುಚು ಕೇಳಿತು. ಸ್ವಲ್ಪ ಹೊತ್ತು ಸುಮ್ಮನಾಯಿತು. ಮತ್ತೆ ಕೇಳಿತು, ಈ ಸಲ ಬಲಗಡೆಗೆ, ಇನ್ನಷ್ಟು ಹತ್ತಿರ. ಒಂದೊಂದು ತಿರುವಿಗೂ ಒಂದೊಂದು ಕಿರುಚು.

‘ಬಂದ್ಲು’ ಎಂದೆ.

‘ಎಲ್ಲಮ್ಮ? ನಂಗೇನೂ ಕಾಣ್ತಿಲ್ಲ.’

‘ಬರ್ತಿದಾಳೆ ಕಣೇ. ಬಿದ್ದಿಲ್ಲ. ಕೇಳುಸ್ಕೋ.’

ಮಂಜಿನಿಂದ ಮೊದಲು ನಿನ್ನ ಹೆಲ್ಮೆಟ್ ಹೊರಬಂತು. ಕೊನೆಯ ಇಳಿಜಾರಿನಲ್ಲಿ ನೀನು ಸೀಟಿನಿಂದ ಎದ್ದು ನಿಂತಿದ್ದೆ, ಮೊಣಕಾಲು ಬಾಗಿತ್ತು, ಕಾಲು ನೆಲಕ್ಕೆ ತಾಗಲಿಲ್ಲ. ನಮ್ಮ ಮುಂದೆ ಬಂದು ನಿಲ್ಲುವಾಗ, ಮೆಲ್ಲಗೆ ಹಿಡಿಯಬಹುದಾಗಿದ್ದ ಬ್ರೇಕನ್ನು ಬೇಕೆಂದೇ ಎರಡೂ ಕೈಯಲ್ಲಿ ಬಲವಾಗಿ ಹಿಡಿದೆ. ಸಾಲಿನವರೆಲ್ಲ ತಿರುಗಿ ನೋಡಿದರು. ನೀನೂ ಅವರನ್ನು ನೋಡಿದೆ. ಹೆಲ್ಮೆಟ್ ತೆಗೆದಾಗ ಕೆಸರಿನ ಮುಖದಲ್ಲಿ ಹಲ್ಲು ಬೆಳ್ಳಗೆ ಕಂಡವು. ಆಮೇಲೆ ಮತ್ತೆ ಎರಡು ಸಲ ಹೋಗಿ ಬಂದೆ.

ಈಗ ಪಕ್ಕದ ಮನೆಯಾಕೆ ಎದುರಾದರೆ ನಾನೂ ಇಲ್ಲಿಯವರಂತೆ ‘ಹೇಯ್’ ಎನ್ನುತ್ತೇನೆ. ಮೊದಲ ಸಲ ಅಂದಾಗ ಆಕೆ ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಿಂತರು.

ಆ ನಾಲ್ಕು ಬಿಲ್ಲೆಗಳನ್ನು ಅಂಗಡಿಯವನಿಂದ ಕೇಳಿ ತಂದಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಈ ಹಾಳೆಗಳ ಜೊತೆಗೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಪುಟ್ಟಿ, ಗುಂಡ, ಡಬ್ಬಿಯನ್ನು ಕಳೆಯದೆ ಇಟ್ಟುಕೊಳ್ಳಿ. ಮನೆ ಬದಲಾಯಿಸಿದರೂ ಜೊತೆಗೆ ಒಯ್ಯಿರಿ. ಅಕ್ಷರ ಕೂಡಿಸಿ ಓದಲು ಇನ್ನೂ ಕಷ್ಟವಾದರೆ ಪರವಾಗಿಲ್ಲ, ಓದುವ ದಿನ ಬರುತ್ತದೆ, ಅಲ್ಲಿಯವರೆಗೆ ಹಾಳೆಗಳು ಜೋಪಾನವಾಗಿರಲಿ. ಎಣ್ಣೆ ಕೈಯಲ್ಲಿ ಮಾತ್ರ ಮುಟ್ಟಬೇಡಿ.