ಮೊದಲ ಕೂಗು ಯಾರಿಗೆ

ಟೀಮ್ ಹಂಚಿಕೊಳ್ಳಲು ನಮ್ಮಲ್ಲಿ ಕಾಸು ಚಿಮ್ಮುತ್ತಿರಲಿಲ್ಲ. ಇಬ್ಬರು ಕ್ಯಾಪ್ಟನ್‌ಗಳು ಹತ್ತು ಮಾರು ದೂರದಲ್ಲಿ ಎದುರುಬದುರು ನಿಲ್ಲಬೇಕು. ಒಬ್ಬನಾದ ಮೇಲೆ ಒಬ್ಬ ಒಂದೊಂದು ಹೆಜ್ಜೆ ಇಡಬೇಕು, ಹಿಂದಿನ ಕಾಲಿನ ಹೆಬ್ಬೆರಳಿಗೆ ಮುಂದಿನ ಕಾಲಿನ ಹಿಮ್ಮಡಿ ತಾಗಿಸಿ. ಹತ್ತಿರ ಬಂದಾಗ ಯಾರ ಪಾದ ಇನ್ನೊಬ್ಬನ ಪಾದದ ಮೇಲೆ ಕೂರುತ್ತದೋ ಅವನಿಗೆ ಮೊದಲ ಕೂಗು. ಸಾಲಾಗಿ ನಿಂತವರಲ್ಲಿ ಬೇಕಾದವನನ್ನು ಅವನು ಮೊದಲು ಕರೆಯಬಹುದು. ಆಮೇಲೆ ಇವನೊಬ್ಬನನ್ನು, ಅವನೊಬ್ಬನನ್ನು. ಕೊನೆಗೆ ಉಳಿದವನ ಮುಖ ಯಾರೂ ನೋಡುತ್ತಿರಲಿಲ್ಲ.

ಆ ವರ್ಷ ನಾನೊಬ್ಬ ಕ್ಯಾಪ್ಟನ್. ಬಸವನಗುಡಿಯ ಒಬ್ಬ ಕಾಲೇಜು ಹುಡುಗ ಇನ್ನೊಬ್ಬ. ತೊಂಬತ್ತರ ದಶಕದ ಕೊನೆಯ ದಿನಗಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಚಾಮರಾಜಪೇಟೆಯ ಪಂಕ್ಚರ್ ಅಂಗಡಿ ಸೇರಿದ್ದೆ. ನಾಲ್ಕು ಮೈದಾನಗಳ ಫುಟ್‌ಬಾಲ್ ಟೂರ್ನಮೆಂಟು ಅದು. ಒಂದೊಂದು ಮೈದಾನದಿಂದ ಎರಡೆರಡು ಟೀಮು. ಮೊದಲು ಅವೇ ಎರಡೂ ಕಾದಾಡಬೇಕು, ಗೆದ್ದದ್ದು ಸೆಮಿಫೈನಲ್‌ಗೆ. ಸೆಮಿಫೈನಲ್ ನೋಡಲು ಒಂದು ಕಾರ್ಖಾನೆಯ ಟೀಮಿನ ಕೋಚ್ ಬರುತ್ತಿದ್ದರು. ಅವರ ಕಣ್ಣಿಗೆ ಬಿದ್ದವನಿಗೆ ಕೆಲಸ. ಅದಕ್ಕಿಂತ ಮುಂಚೆ ಎಷ್ಟು ಚೆನ್ನಾಗಿ ಆಡಿದರೂ ಅವರಿಗೆ ಲೆಕ್ಕಕ್ಕಿಲ್ಲ.

ನನ್ನ ಗೆಳೆಯನಿಗೆ ಬೇಕಿದ್ದದ್ದು ಆ ಸೆಮಿಫೈನಲ್. ಅವನ ಅಪ್ಪನಿಗೆ ಕಾಟನ್‌ಪೇಟೆಯಲ್ಲಿ ಬಟ್ಟೆಯ ಹೋಲ್‌ಸೇಲ್ ಅಂಗಡಿ. ಅವನ ಕಾಲಿಗೆ ಬಾಲ್ ಸಿಕ್ಕರೆ ಸಾಕಿದ ನಾಯಿಯ ಹಾಗೆ ಹಿಂದೆಯೇ ಬರುತ್ತಿತ್ತು. ಆದರೆ ಬಾಲನ್ನು ಯಾರಾದರೂ ಕಿತ್ತು ಕೊಡಬೇಕು. ಮೈಗೆ ಮೈ ತಾಗಿದರೆ ಬಿದ್ದುಬಿಡುವ ಕಡ್ಡಿ ಅವನು. ಕಿತ್ತು ಕೊಡುವ ಕೆಲಸ ಆರು ವರ್ಷದಿಂದ ನನ್ನದು.

ಟೀಮ್ ಹಂಚುವ ಹಿಂದಿನ ಸಂಜೆ ವಿಶ್ವೇಶ್ವರಪುರಂನ ತಿಂಡಿ ಬೀದಿಯಲ್ಲಿ ನಿಂತು ಇಬ್ಬರೂ ದೋಸೆ ತಿನ್ನುತ್ತಿದ್ದೆವು.

"ನಾಳೆ ಫಸ್ಟ್ ಕೂಗು ಸಿಕ್ರೆ ನನ್ನೇ ಕರಿ ಮಗಾ," ಅಂದ.

"ನೋಡೋಣ."

"ಏನ್ ನೋಡೋಣ? ಈ ಸಲ ಆಗ್ಲಿಲ್ಲ ಅಂದ್ರೆ ಅಂಗಡೀಲಿ ಕೂರು ಅಂತ ಅಪ್ಪ ಹೇಳ್ಬಿಟ್ಟಿದಾರೆ. ನೀನಿಲ್ದೆ ನನಗ್ ಯಾರ್ ಬಾಲ್ ಕೊಡ್ತಾರೆ?"

ನಾನು ಚಟ್ನಿ ಹಾಕಿಸಿಕೊಳ್ಳಲು ಆ ಕಡೆ ಹೋದೆ. ನಾನು ಆಗಲೇ ಬೇರೊಬ್ಬನನ್ನು ನೋಡಿಟ್ಟಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ.

ಆ ಬೇರೊಬ್ಬ ಕಾಟನ್‌ಪೇಟೆಯ ಹಮಾಲಿ. ಒಂದು ದಿನ ಟೆಂಪೋದಿಂದ ಮೂಟೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಟೆಂಪೋ ಹೊರಟುಬಿಟ್ಟಿತು. ಅವನ ಅಂಗಿ ಅದರ ಹಿಂಬಾಗಿಲ ಕೊಂಡಿಯಲ್ಲೇ ನೇತಾಡುತ್ತಿತ್ತು. ಬರಿಗಾಲಲ್ಲಿ, ಗಾಡಿ, ಸೈಕಲ್ಲು, ಹಸುಗಳ ಮಧ್ಯೆ ಓಡಿ, ಸರ್ಕಲ್ ಬರುವುದರೊಳಗೆ ಅಂಗಿ ಕಿತ್ತುಕೊಂಡು ವಾಪಸ್ ಬಂದ. ಉಸಿರು ಕೂಡ ಏರಿರಲಿಲ್ಲ. ಅವನನ್ನು ಮೈದಾನಕ್ಕೆ ಕರೆತಂದೆ. ಬಾಲ್ ಅವನ ಮೊಣಕಾಲಿಗೆ ಬಡಿದು ಎತ್ತಲೋ ಹೋಗುತ್ತಿತ್ತು. ಆದರೆ ಎತ್ತ ಹೋದರೂ ಎಲ್ಲರಿಗಿಂತ ಮೊದಲು ಅವನೇ ಅಲ್ಲಿರುತ್ತಿದ್ದ. ಆಟ ಕಲಿಸಬಹುದು, ಇಂಥ ಕಾಲು ಎಲ್ಲಿಂದ ತರುವುದು? ಇದು ನನ್ನ ಲೆಕ್ಕ. ನಾಜೂಕು ನೋಡಿ ನೋಡಿ ನನಗೆ ಸಾಕಾಗಿತ್ತು. ಹಿಂದಿನ ಎರಡು ವರ್ಷ ನಾಜೂಕಾಗಿ ಆಡಿಯೇ ಸೋತಿದ್ದೆವು. ಮತ್ತೆ ಕಾರ್ಖಾನೆಯ ಕೆಲಸ ನನಗೂ ಬೇಕಿತ್ತು.

ಭಾನುವಾರ ಬೆಳಿಗ್ಗೆ ನನ್ನ ಪಾದವೇ ಮೇಲೆ ಬಿತ್ತು. ಸಾಲಿನಲ್ಲಿದ್ದ ಗೆಳೆಯ ಆಗಲೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದ. ನಾನು ಹಮಾಲಿಯ ಕಡೆ ಕೈ ತೋರಿಸಿದೆ.

ಯಾರೋ ನಕ್ಕರು. "ಏನ್ ಗುರು, ಟೀಮ್ ಕಟ್ತಿದೀಯೋ, ಲೋಡ್ ಇಳಿಸ್ತಿದೀಯೋ?"

ಗೆಳೆಯ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡ. ಕಾಲೇಜು ಹುಡುಗ ಅವನನ್ನು ತಕ್ಷಣ ಕರೆದ. ಗೆಳೆಯ ನನ್ನ ಕಡೆ ನೋಡದೆ ಆ ಬದಿಗೆ ಹೋಗಿ ನಿಂತ.

ಮ್ಯಾಚಿನ ದಿನ ನನ್ನ ಲೆಕ್ಕ ಹಳ್ಳ ಹಿಡಿಯಿತು. ಹಿಂದಿನ ವರ್ಷ ಯಾರದೋ ಬೆರಳು ಮುರಿದಿದ್ದರಿಂದ ಬರಿಗಾಲಲ್ಲಿ ಆಡುವ ಹಾಗಿಲ್ಲ ಎಂದು ನಿಯಮ ಮಾಡಿದ್ದರು. ನಾನು ಹಮಾಲಿಗೆ ಹಳೇ ಬೂಟು ತಂದುಕೊಟ್ಟಿದ್ದೆ. ಹಾಕಿಸಿ ಓಡಿಸಿ ನೋಡಿರಲಿಲ್ಲ. ಹುಟ್ಟಿದಾಗಿನಿಂದ ನೆಲವನ್ನು ಬೆರಳಲ್ಲಿ ಹಿಡಿದು ಓಡಿದವನು ಬೂಟಿನೊಳಗೆ ಕಾಲು ಕಟ್ಟಿದ ಕೋಳಿಯಾದ. ಮೂರು ಸಲ ಬಿದ್ದ. ನನ್ನ ಗೆಳೆಯ ಸಿಕ್ಕಿದ ಒಂದೇ ಬಾಲನ್ನು ಇಬ್ಬರ ನಡುವೆ ತೂರಿಸಿಕೊಂಡು ಹೋಗಿ ಗೋಲು ಹೊಡೆದ. ಕುಣಿಯಲಿಲ್ಲ. ಸಾಕ್ಸ್ ಎಳೆದುಕೊಂಡು ತನ್ನ ಜಾಗಕ್ಕೆ ನಡೆದ.

ಹಾಫ್‌ಟೈಮಿನಲ್ಲಿ ಹಮಾಲಿ ಬೂಟು ಬಿಚ್ಚಿ ನನ್ನ ಮುಂದೆ ಇಟ್ಟ. "ಇದ್ರ ತಳ ಕಿತ್ಹಾಕಣ್ಣ."

"ತಳ ಕಿತ್ರೆ ಇನ್ನೇನ್ ಉಳಿಯುತ್ತೆ?"

"ಮೇಲ್ಗಡೆ ಉಳಿಯುತ್ತಲ್ಲ. ರೆಫರಿ ಮೇಲಿಂದ ತಾನೇ ನೋಡೋದು?"

ಬಾಲಿನ ಬ್ಲ್ಯಾಡರ್‌ಗೆ ಪ್ಯಾಚ್ ಹಾಕುವ ಸಾಮಾನು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ರಬ್ಬರ್ ಕೊಯ್ಯುವ ಚಾಕು ತೆಗೆದು ಎರಡೂ ತಳ ಸೀಳಿದೆ. ಅವನು ಲೇಸು ಬಿಗಿದು ಎದ್ದು ನಿಂತ. ಮೇಲಿಂದ ಬೂಟು, ಕೆಳಗೆ ಬರಿಗಾಲು.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ನಾವು ಬಾಲನ್ನು ಸುಮ್ಮನೆ ಮುಂದಕ್ಕೆ ಒದೆಯುತ್ತಿದ್ದೆವು, ಅವನು ಅಲ್ಲಿರುತ್ತಿದ್ದ. ಒಂದು ಸಲ ಅವನ ಮೊಣಕಾಲಿಗೆ ಬಡಿದೇ ಗೋಲಾಯಿತು. ಇನ್ನೊಂದು ಸಲ ಬೇರೆ ದಾರಿ ಕಾಣದೆ ಗೋಲ್‌ಕೀಪರ್ ಅವನ ಸೊಂಟ ತಬ್ಬಿಕೊಂಡು ಬೀಳಿಸಿದ. ಪೆನಾಲ್ಟಿ ನಾನೇ ಹೊಡೆದೆ. ಎರಡು-ಒಂದು. ನಾವು ಸೆಮಿಫೈನಲ್‌ಗೆ, ನನ್ನ ಗೆಳೆಯ ಹೊರಗೆ.

ಸೆಮಿಫೈನಲ್‌ನಲ್ಲಿ ಎದುರಾಳಿಗಳು ಬುದ್ಧಿವಂತರಿದ್ದರು. ಹಮಾಲಿ ಓಡಲು ಜಾಗವೇ ಬಿಡದೆ ಹಿಂದೆ ಗುಂಪಾಗಿ ನಿಂತರು. ಇಕ್ಕಟ್ಟಿನಲ್ಲಿ ಕಾಲಿನ ಕೆಲಸ ಬೇಕು, ಅವನಿಗೆ ಅದು ಬಾರದು. ಬಾಲ್ ಅವನಿಗೆ ಬಡಿದು ಬಡಿದು ಅವರಿಗೇ ಹೋಗುತ್ತಿತ್ತು. ನಾನು ಎಂದಿನ ಹಾಗೆ ಬಾಲ್ ಕಿತ್ತು ತಲೆ ಎತ್ತಿ ನೋಡುತ್ತಿದ್ದೆ, ಕೊಡಲು ಯಾರೂ ಇರಲಿಲ್ಲ. ಮೈದಾನದ ಗೋಡೆಯ ಮೇಲೆ ನನ್ನ ಗೆಳೆಯ ಕಾಲು ಇಳಿಬಿಟ್ಟು ಕೂತಿದ್ದ. ಒಂದು ಗೋಲಿನಿಂದ ಸೋತೆವು.

ಮ್ಯಾಚು ಮುಗಿದ ಮೇಲೆ ಕೋಚ್ ನಮ್ಮ ಹತ್ತಿರ ಬಂದರು. ಹಮಾಲಿಯ ಕಾಲು ಎತ್ತಿಸಿ ನೋಡಿದರು.

"ಬೂಟ್ ಹಾಕ್ಕೊಂಡು ಓಡಕ್ಕೆ ಬರಲ್ವೇನಪ್ಪ?"

"ಇಲ್ಲ ಸಾರ್."

"ಕಲ್ತ್ಕೊಂಡು ಬಾ. ಮುಂದಿನ್ ವರ್ಷ ನೋಡೋಣ." ನನ್ನ ಕಡೆ ತಿರುಗಿ, "ನೀನು ಚೆನ್ನಾಗಿ ಕಿತ್ಕೋತೀಯ. ಕಿತ್ಕೊಂಡು ಏನ್ಮಾಡ್ಬೇಕು ಅಂತ ಗೊತ್ತಿಲ್ಲ," ಅಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಸಾರ್, ಆ ಗೋಡೆ ಮೇಲೆ ಕೂತಿದಾನಲ್ಲ, ಅವನಿಗೆ ಗೊತ್ತು. ಒಂದ್ಸಲ ಅವನ್ ಕಾಲಿಗೆ ಬಾಲ್ ಕೊಟ್ ನೋಡಿ ಸಾರ್."

"ಇವತ್ತು ಆಡಿದ್ನಾ?"

"ಇಲ್ಲ ಸಾರ್. ನಾನು ತಗೊಳ್ಳಿಲ್ಲ."

"ಕರಿ ಮತ್ತೆ."

ನಾನು ಕೂಗಿದೆ. ಮೈದಾನ ಪೂರ್ತಿ ಕೇಳುವ ಹಾಗೆ ಕೂಗಿದೆ. ಗೆಳೆಯ ನನ್ನನ್ನು ನೋಡಿದ, ಪಕ್ಕದಲ್ಲಿದ್ದ ಕೋಚನ್ನೂ ನೋಡಿದ. ಆಮೇಲೆ ಎರಡೂ ಕಾಲೆತ್ತಿ ಗೋಡೆಯ ಆ ಕಡೆಗೆ ಧುಮುಕಿದ. ನಾನು ಗೇಟು ಸುತ್ತಿ ಬೀದಿಗೆ ಬರುವಷ್ಟರಲ್ಲಿ ಅವನಿರಲಿಲ್ಲ. ಕೋಚ್ ವಾಚು ನೋಡಿಕೊಂಡು ಸ್ಕೂಟರ್ ಒದೆಯುತ್ತಿದ್ದರು.

ಎರಡು ತಿಂಗಳು ನಾನು ಗೆಳೆಯನ ಅಂಗಡಿ ಕಡೆ ಸುಳಿಯಲಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೀರಿಗೆ ಹಾಕಿ ತೂತು ಹುಡುಕುತ್ತಿದ್ದರೂ ಅವನದೇ ಯೋಚನೆ. ಒಂದು ದಿನ ಡೆಲಿವರಿ ಕೊಡಬೇಕಿದ್ದ ಸೈಕಲ್ ತಳ್ಳಿಕೊಂಡು ಕಾಟನ್‌ಪೇಟೆಗೆ ಹೋದೆ. ಅವರ ಅಂಗಡಿಯ ಪಕ್ಕದ ಓಣಿಯಲ್ಲಿ, ಬಟ್ಟೆಯ ಬೇಲುಗಳ ನಡುವೆ, ಗೆಳೆಯ ಬಾಲನ್ನು ಮೆಲ್ಲಗೆ ಉರುಳಿಸುತ್ತಿದ್ದ. ಎದುರಿಗೆ ಹಮಾಲಿ. ಅವನ ಕಾಲಲ್ಲಿ ತಳವಿರುವ ಬೂಟು.

"ಗಟ್ಟಿಯಾಗಿ ಇಡ್ಬೇಡ ಕಾಲು. ಬಾಲ್ ಬಂದಾಗ ಸ್ವಲ್ಪ ಹಿಂದಕ್ಕ್ ತಗೋ," ಅನ್ನುತ್ತಿದ್ದ ಗೆಳೆಯ. ಬಾಲ್ ಹಮಾಲಿಯ ಬೂಟಿಗೆ ತಾಗಿ ಅಲ್ಲೇ ನಿಂತಿತು.

ಗೆಳೆಯ ತಲೆ ಎತ್ತಿದ. "ನೀನು ಇವನನ್ನ ಕರ್ದಿದ್ದು ತಪ್ಪಲ್ಲ ಬಿಡು. ದೋಸೆ ತಿನ್ನೋವಾಗ್ಲೇ ಹೇಳಿದ್ರೆ ನಾನು ಹೆಜ್ಜೆ ಮುಂದೆ ಇಡ್ತಿರ್ಲಿಲ್ಲ."

ನಾನು ಸೈಕಲ್ಲಿನ ಬೆಲ್ಲಿನ ಮೇಲೆ ಬೆರಳಾಡಿಸುತ್ತ ನಿಂತಿದ್ದೆ.

ಒಳಗಿನಿಂದ ಅವನ ಅಪ್ಪ ಕರೆದರು. ಗಿರಾಕಿ ಬಂದಿದ್ದರು. ಅವನು ಚಪ್ಪಲಿ ಮೆಟ್ಟಿಕೊಂಡು, ಹೋಗುವ ಮುಂಚೆ ಬಾಲನ್ನು ಕಾಲಿನಿಂದ ನನ್ನ ಕಡೆ ಸರಿಸಿದ. "ನಾನು ಬರೋವರ್ಗೂ ನೀನ್ ಉರುಳ್ಸು. ಜೋರಾಗ್ ಒದಿಬೇಡ."

ಸೈಕಲ್ಲನ್ನು ಗೋಡೆಗೆ ಒರಗಿಸಿದೆ. ಮೊದಲ ಸಲ ಬಾಲ್ ಜೋರಾಗಿಯೇ ಹೋಯಿತು.