ನೋಡಿದೆ, ನೀರು ಮಾಮೂಲು

ನನ್ನ ಮನೆ ಕಕ್ಕಿಂಜೆಯಲ್ಲಿ, ಹೊಳೆಯ ಬದಿಗೆ. ತಮ್ಮನ ದಿನಸಿ ಅಂಗಡಿ ಬಂಟ್ವಾಳ ಪೇಟೆಯಲ್ಲಿ, ಆ ಹೊಳೆ ಹೋಗಿ ಸೇರುವ ನೇತ್ರಾವತಿಯ ಬದಿಗೆ. ಚಾರ್ಮಾಡಿ ಘಾಟಿಯ ಮೇಲೆ ಮಳೆ ಜೋರಾದರೆ ಮೊದಲು ನನ್ನ ಹೊಳೆ ಕೆಂಪಾಗುತ್ತದೆ. ಕೆಲವು ಗಂಟೆ ಕಳೆದ ಮೇಲೆ ಅವನ ಅಂಗಡಿಯ ಹಿಂಬಾಗಿಲಿಗೆ ನೀರು ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಮ್ಮಿಬ್ಬರಿಗೆ ಒಂದು ಕ್ರಮ ಇತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾನು ಹೊಳೆಯ ಮೆಟ್ಟಿಲಿಗೆ ಇಳಿದು ನೀರು ನೋಡಿ ಬಂದು ಅವನಿಗೆ ಫೋನ್ ಮಾಡುವುದು. ತಡವಾದರೆ ಅವನೇ ಮಾಡುವುದು. ನಾನು ಎತ್ತದಿದ್ದರೆ ಪಕ್ಕದ ಮನೆಗೆ ಮಾಡಿ, ಟೀಚರ್ ಎಲ್ಲಿದ್ದಾರೆ ಸ್ವಲ್ಪ ನೋಡಿ ಎಂದು ಅವರನ್ನು ಓಡಿಸುವುದು.

ನೀರಿನ ಮಾತು ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಇವತ್ತು ಮೀನು ಯಾವುದು, ನಾದಿನಿಯ ಮಂಡಿನೋವು ಹೇಗುಂಟು, ಇಂಥ ಮಾತು. ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ಎದುರು ಗಂಟಲು ಹರಿದುಕೊಂಡವಳು ನಾನು. ನಿವೃತ್ತಿಯಾದ ಮೇಲೆ ಒಂಟಿ ಮನೆಯಲ್ಲಿ ಯಾರಿಗೆ ಬೈಯಲಿ? ಆ ಫೋನಿನಲ್ಲಿ ತಮ್ಮನಿಗೇ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ.

ತಮ್ಮ ಪೇಟೆಯ ಸುದ್ದಿಗೆಂದು ಒಂದು ಬ್ಲಾಗ್ ನಡೆಸುತ್ತಾನೆ. ನಾನು ಹೇಳಿದ್ದನ್ನು ಅದರಲ್ಲಿ ಹಾಕುತ್ತಿದ್ದ. ಬಂಟ್ವಾಳದ ಅಂಗಡಿಯವರು, ಫರಂಗಿಪೇಟೆಯವರು, ಗಲ್ಫಿನಲ್ಲಿ ಕೂತು ಮನೆಯ ಚಿಂತೆ ಮಾಡುವವರು ಎಲ್ಲರೂ ಅದನ್ನು ಓದುತ್ತಿದ್ದರು. ಅಂಗಡಿಯಲ್ಲಿ ಗಿರಾಕಿ ಇರುವಾಗ ಟೈಪ್ ಮಾಡುವುದು ಕಷ್ಟ ಎಂದು ಅವನು ಗೊಣಗಿದ್ದೇ ತಡ, ಅವನ ಮಗ ಎದ್ದು ನಿಂತ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು ಅವನು. ನನ್ನ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿದ. ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿ, ಮುಗಿದಂತೆ ಟಿಕ್ ಹಾಕುವ ಆ್ಯಪ್. ಅದರಲ್ಲಿ ದಿನಕ್ಕೆ ಮೂರು ಸಲ ‘ಹೊಳೆ ನೋಡುವುದು’ ಎಂಬ ಕೆಲಸ ತಾನಾಗಿ ಬರುತ್ತದೆ. ನಾನು ನೋಡಿ ಬಂದು, ಒಂದು ಸಾಲು ಬರೆದು ಟಿಕ್ ಒತ್ತಿದರೆ ಸಾಕು, ಆ ಸಾಲು ಯಾರ ಕೈಯೂ ತಾಗದೆ ಬ್ಲಾಗಿನಲ್ಲಿ ಪೋಸ್ಟ್ ಆಗುತ್ತದೆ.

ಶುರುವಿನಲ್ಲಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ‘ನೋಡಿದೆ. ನೀರು ಮಾಮೂಲು. ಗಾಬರಿ ಬೇಡ.’ ಇಷ್ಟು ಬರೆದು ಒತ್ತಿದರೆ ದುಬೈಯಿಂದ ಯಾರೋ ‘ಥ್ಯಾಂಕ್ಸ್ ಅಕ್ಕ’ ಎನ್ನುತ್ತಿದ್ದರು. ಆದರೆ ತಮ್ಮನ ಫೋನ್ ಬರುವುದು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ವಿಷಯ ಗೊತ್ತಾದ ಮೇಲೆ ಫೋನ್ ಯಾಕೆ ಎಂದು ಅವನಿಗೆ ಅನಿಸಿರಬೇಕು. ನಾನೂ ಮಾಡಲಿಲ್ಲ. ಅವನಿಗೆ ಬೇಡವಾದರೆ ನನಗೆ ಮಾತ್ರ ಬೇಕಾ ಎಂಬ ಹಟ.

ಆ ಮಳೆಗಾಲದಲ್ಲೇ ಮೂಡುಬಿದಿರೆಯಲ್ಲಿ ನೆಂಟರ ಮನೆಯ ಸೀಮಂತ ಇತ್ತು. ಬೆಳಿಗ್ಗೆಯೇ ಹೋಗಿದ್ದೆ. ಊಟ ಮುಗಿಸಿ ಕೈ ಒರೆಸಿಕೊಂಡು ಮೊಬೈಲ್ ತೆಗೆದರೆ ಬ್ಲಾಗಿನಲ್ಲಿ ಆಗಷ್ಟೇ ಒಂದು ಪೋಸ್ಟ್ ಬಂದಿತ್ತು. ‘ಕಕ್ಕಿಂಜೆಯಿಂದ ಅಕ್ಕ: ನೋಡಿದೆ. ನೀರು ಮಾಮೂಲು. ಗಾಬರಿ ಬೇಡ.’

ನಾನು ನೋಡಿರಲಿಲ್ಲ. ನಾನು ಇದ್ದದ್ದು ಮೂಡುಬಿದಿರೆಯ ಸಭಾಭವನದಲ್ಲಿ, ಕೈಯಲ್ಲಿ ಪಾಯಸದ ವಾಸನೆ ಇನ್ನೂ ಹೋಗಿರಲಿಲ್ಲ. ಮಾತು ನನ್ನದೇ, ಅಕ್ಷರಕ್ಕೆ ಅಕ್ಷರ. ಅಲ್ಲೇ ಊಟದ ಸಾಲಿನಲ್ಲಿದ್ದ ತಮ್ಮನ ಮಗನನ್ನು ಹೊರಗೆ ಎಳೆದುಕೊಂಡು ಹೋಗಿ ತೋರಿಸಿದೆ.

ಅವನು ನಕ್ಕ. ಕಳೆದ ವಾರ ಯಾರೋ ನೆಂಟರು ಬಂದ ಗಡಿಬಿಡಿಯಲ್ಲಿ ನಾನು ಟಿಕ್ ಹಾಕಲು ಮರೆತಿದ್ದೆನಂತೆ. ಪೋಸ್ಟ್ ಬಾರದೆ ಪೇಟೆಯವರು ಹೆದರಿ ಅಕ್ಕಿ ಮೂಟೆಗಳನ್ನೆಲ್ಲ ಅಟ್ಟಕ್ಕೆ ಹೊತ್ತು, ನೀರೂ ಬಾರದೆ, ತಮ್ಮನಿಗೆ ಸಮಾ ಬೈದರಂತೆ. ಅದಕ್ಕೆ ಇವನು ಹೊಸ ಏರ್ಪಾಡು ಮಾಡಿದ್ದಾನೆ. ಹೊತ್ತಿಗೆ ಸರಿಯಾಗಿ ನಾನು ಟಿಕ್ ಹಾಕದಿದ್ದರೆ ಅದು ತಾನೇ ಟಿಕ್ ಹಾಕಿಕೊಂಡು, ನನ್ನ ಹಿಂದಿನ ಸಾಲನ್ನೇ ಮತ್ತೆ ಪೋಸ್ಟ್ ಮಾಡುತ್ತದೆ.

“ನೀರು ಏರಿದ್ರೆ ನೀವು ಹೇಗೂ ಹೇಳ್ತೀರಲ್ವಾ ಅತ್ತೆ?” ಎಂದ.

“ನಾನು ಸತ್ತು ಬಿದ್ರೂ ನೀರು ಮಾಮೂಲು ಅಂತ ಬರ್ತದಾ ಹಾಗಾದ್ರೆ?” ಎಂದೆ.

ಅದಕ್ಕೂ ನಕ್ಕ. ಸೀಮಂತಕ್ಕೆ ಬಂದಿದ್ದ ತಮ್ಮನಿಗೂ ಹೇಳಿದೆ. ಜನರಿಗೆ ನೆಮ್ಮದಿ ಉಂಟು, ನಿನಗೂ ತಲೆಬಿಸಿ ಇಲ್ಲ, ಇರಲಿ ಬಿಡು ಎಂದ. ಬಸ್ಸಿನಲ್ಲಿ ಮನೆಗೆ ಬರುವಾಗ ಬೆಳ್ತಂಗಡಿ ದಾಟುವವರೆಗೂ ನನಗೆ ಒಂದೇ ಯೋಚನೆ. ನನ್ನ ಬಾಯಿಂದ ಇನ್ಯಾರೋ ಮಾತಾಡುತ್ತಿದ್ದಾರೆ, ಕೇಳುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹೆದರಿಕೆಯೇ ಆಯಿತು ನನಗೆ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ನಮ್ಮಲ್ಲಿ ಒಳ್ಳೆಯ ಬಿಸಿಲು. ಒಗೆದ ಬಟ್ಟೆ ಅಂಗಳದಲ್ಲಿ ಹರವಿ, ಮೊಬೈಲನ್ನು ಚಾವಡಿಯ ಕಿಟಕಿಯಲ್ಲಿಟ್ಟು ಮಧ್ಯಾಹ್ನದ ನೀರು ನೋಡಲು ಇಳಿದೆ. ಮೇಲಿನ ಮೆಟ್ಟಿಲಿನಿಂದಲೇ ವಾಸನೆ ಬಂತು. ಕೊಳೆತ ಎಲೆಯ, ಹಸಿಮಣ್ಣಿನ ವಾಸನೆ. ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಮೇಲೆ ನೊರೆ. ಬಿಸಿಲು ಹಾಗೇ ಇತ್ತು. ಘಾಟಿಯಲ್ಲಿ ಎಲ್ಲೋ ದೊಡ್ಡ ಮಳೆ ಬಿದ್ದಿದೆ ಎಂದು ಗೊತ್ತಾಗಿ ಗಡಿಬಿಡಿಯಲ್ಲಿ ತಿರುಗಿದೆ. ಪಾಚಿಯ ಮೇಲೆ ಕಾಲು ಜಾರಿತು. ಸೊಂಟ ಮೆಟ್ಟಿಲಿನ ಅಂಚಿಗೆ ಬಡಿದ ಸದ್ದು ನನಗೇ ಕೇಳಿಸಿತು.

ಏಳಲು ಆಗಲಿಲ್ಲ. ತೆವಳಲು ನೋಡಿದೆ, ಕಣ್ಣು ಕತ್ತಲೆ ಬಂತು. ಕೂಗಿದೆ. ಆದರೆ ಹೊಳೆಯ ಸದ್ದು ನನ್ನ ಕೂಗನ್ನು ನುಂಗುತ್ತಿತ್ತು. ನೀರು ನನಗಿಂತ ಎರಡು ಮೆಟ್ಟಿಲು ಕೆಳಗಿತ್ತು. ಆಮೇಲೆ ಒಂದು ಮೆಟ್ಟಿಲು.

ಫೋನ್ ಬರ್ತದೆ ಎಂದುಕೊಂಡೆ. ಮಧ್ಯಾಹ್ನದ ಹೊತ್ತು ಮೀರಿದೆ, ತಮ್ಮ ಈಗ ಮಾಡ್ತಾನೆ, ನಾನು ಎತ್ತದಿದ್ದರೆ ಪಕ್ಕದ ಮನೆಗೆ ಮಾಡ್ತಾನೆ. ಕಿವಿಯನ್ನು ಚಾವಡಿಯ ಕಿಟಕಿಗೇ ಕೊಟ್ಟು ಮಲಗಿದ್ದೆ. ನೀರು ಪಾದಕ್ಕೆ ತಾಗಿದಾಗ ನೆನಪಾಯಿತು, ಅವನು ಮಾಡುವುದಿಲ್ಲ. ಮಾಡುವ ಅಗತ್ಯವೇ ಅವನಿಗಿಲ್ಲ. ಈ ಹೊತ್ತಿಗೆ ನಾನು ನೀರು ನೋಡಿ ಆಗಿದೆ, ಬರೆದು ಆಗಿದೆ, ಗಾಬರಿ ಬೇಡ ಎಂದು ಊರಿಗೆಲ್ಲ ಹೇಳಿಯೂ ಆಗಿದೆ. ಆಗ ನನಗೆ ಅಳು ಬಂತು. ನೋವಿಗೆ ಬಂದದ್ದಲ್ಲ ಅದು.

ಪಕ್ಕದ ಮನೆಯ ಬ್ಯಾರಿ ಹೆಂಗಸಿನ ಗಂಡ ದುಬೈಯಲ್ಲಿದ್ದಾನೆ. ಅವನೂ ಬ್ಲಾಗ್ ನೋಡಿ ಹೆಂಡತಿಗೆ, ಹೊಳೆ ಮಾಮೂಲು ಉಂಟಂತೆ, ನಿಶ್ಚಿಂತೆಯಿಂದ ಮಲಗು ಎಂದಿದ್ದನಂತೆ. ಆಕೆ ಮಲಗಿಯೂ ಇದ್ದಳು. ಪುಣ್ಯಕ್ಕೆ ಅವಳ ಆಡಿಗೆ ಬ್ಲಾಗ್ ಓದಲು ಬರುವುದಿಲ್ಲ. ಹಟ್ಟಿಗೆ ನೀರು ನುಗ್ಗಿದ್ದೇ ಅದು ಅರಚಲು ಶುರುಮಾಡಿತು. ಎದ್ದು ಬಂದವಳು ಹೊಳೆಯ ಕಡೆ ಕಣ್ಣು ಹಾಯಿಸಿದಾಗ ನಾನು ಕಂಡೆ. ಅಷ್ಟರಲ್ಲಿ ನೀರು ನನ್ನ ಸೊಂಟದವರೆಗೆ ಬಂದಿತ್ತು. ಕಂಕುಳಿಗೆ ಕೈ ಹಾಕಿ, ಅಲ್ಲಾಹ್ ಅಲ್ಲಾಹ್ ಎನ್ನುತ್ತಾ ನನ್ನನ್ನು ಅಂಗಳದವರೆಗೆ ಎಳೆದು ತಂದಳು. ನಾನು ಕುಡಿಯಲು ನೀರನ್ನೂ ಕೇಳಲಿಲ್ಲ, ಮೊಬೈಲ್ ಕೊಡು ಎಂದೆ.

ಮೂಟೆ ಎಲ್ಲ ಮೇಲೆ ಹಾಕು, ದೊಡ್ಡ ನೀರು ಬರ್ತಾ ಉಂಟು ಎಂದು ತಮ್ಮನಿಗೆ ಹೇಳಿದೆ. ದನಿ ನಡುಗುತ್ತಿತ್ತು.

“ಈಗಷ್ಟೇ ನೀನೇ ಮಾಮೂಲು ಅಂತ ಹಾಕಿದ್ದಿಯಲ್ಲ?” ಎಂದ. ಮತ್ತೆ, “ಅಕ್ಕನೇ ಅಲ್ವಾ ಮಾತಾಡುವುದು?”

ಒಂದೇ ಹೊಟ್ಟೆಯಿಂದ ಬಂದವನು ಕೇಳಿದ್ದು ಇದು. ನನಗೆ ಬಂದ ಸಿಟ್ಟಿಗೆ ಸೊಂಟದ ನೋವೇ ಮರೆತುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ತುಳುವಿನಲ್ಲಿ ಬೈದೆ. ಆ ಬೈಗುಳ ಕೇಳಿದ ಮೇಲೆ ಅವನಿಗೆ ನಂಬಿಕೆ ಬಂತು.

ನೀರು ಬರುವ ಮೊದಲೇ ಪೇಟೆಯವರು ಹೆಚ್ಚಿನ ಸಾಮಾನು ಎತ್ತಿಟ್ಟುಕೊಂಡರು. ನನ್ನನ್ನು ಬೆಳ್ತಂಗಡಿಯ ಆಸ್ಪತ್ರೆಗೆ ಸೇರಿಸಿದರು. ತಮ್ಮನ ಮಗ ಬಂದು ಮಂಚದ ಹತ್ತಿರ ತಲೆ ತಗ್ಗಿಸಿ ನಿಂತ. ಆ ಏರ್ಪಾಡನ್ನೆಲ್ಲ ಕಿತ್ತು ಹಾಕಿದ್ದೇನೆ ಎಂದ. ಪಾಪ, ಅವನಿಗೆ ಬೈಯಲು ಮನಸ್ಸಾಗಲಿಲ್ಲ. ಈಗ ತಮ್ಮ ದಿನಾ ಫೋನ್ ಮಾಡುತ್ತಾನೆ, ಹೊಳೆಯಲ್ಲಿ ಕಲ್ಲು ಕಾಣುವ ಬೇಸಗೆಯಲ್ಲೂ ನೀರು ಹೇಗುಂಟು ಎಂದೇ ಶುರುಮಾಡುತ್ತಾನೆ.

ಆ ಮಧ್ಯಾಹ್ನದ ಪೋಸ್ಟನ್ನು ಅಳಿಸಲಾ ಅತ್ತೆ ಎಂದು ಹುಡುಗ ಕೇಳಿದ್ದ. ಬೇಡ ಎಂದೆ. ಊರುಗೋಲು ಬದಿಗಿಟ್ಟು ಕೂತಾಗ ಒಮ್ಮೊಮ್ಮೆ ಅದನ್ನು ತೆರೆದು ಓದುತ್ತೇನೆ. ‘ನೋಡಿದೆ. ನೀರು ಮಾಮೂಲು. ಗಾಬರಿ ಬೇಡ.’ ನಾನು ಮೆಟ್ಟಿಲ ಮೇಲೆ ಬಿದ್ದುಕೊಂಡು ಫೋನಿಗೆ ಕಿವಿ ಕೊಟ್ಟಿದ್ದ ಹೊತ್ತಿನದು ಅದು. ಅದರ ಕೆಳಗೆ ತಮ್ಮ ‘ಥ್ಯಾಂಕ್ಸ್ ಅಕ್ಕ’ ಎಂದು ಬರೆದಿದ್ದಾನೆ.