ಮರಿತಾಯಮ್ಮನ ಫಾರಿನ್ ದಾರ

ಮರಿತಾಯಮ್ಮನ ಹೆಬ್ಬೆಟ್ಟು ರೇಷನ್ ಅಂಗಡಿಯ ಮೆಷಿನ್ನಿಗೆ ಹತ್ತುವುದಿಲ್ಲ. ತಿ. ನರಸೀಪುರದ ಒಂದು ರೀಲಿಂಗ್ ಘಟಕದಲ್ಲಿ ಇಪ್ಪತ್ತೆರಡು ವರ್ಷ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆಯ ತುದಿ ಹುಡುಕಿದ ಬೆರಳುಗಳು ಅವು. ಗೆರೆಗಳೆಲ್ಲ ಸವೆದುಹೋಗಿವೆ. ಅಂಗಡಿಯವನು ಪ್ರತಿ ತಿಂಗಳೂ ಹತ್ತು ಬೆರಳನ್ನೂ ಒತ್ತಿಸಿ ನೋಡಿ, ಕೊನೆಗೆ ಮೊಮ್ಮಗಳ ಮೊಬೈಲಿಗೆ ಬರುವ ಓಟಿಪಿ ಕೇಳಿಕೊಂಡು ಅಕ್ಕಿ ಅಳೆಯುತ್ತಾನೆ. "ಸರ್ಕಾರದ ಪ್ರಕಾರ ನಾನು ಇಲ್ವೇ ಇಲ್ಲ ಕಣವ್ವ" ಎಂದು ಆಕೆ ನಗುತ್ತಾರೆ. ನನ್ನ ಪ್ರಕಾರವೂ ಒಂದು ದಿನ ಆಕೆ ಇಲ್ಲವಾಗಿದ್ದರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ನಾನು ಸುನೀತಾ. ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದ ಹೈಸ್ಕೂಲಿನಲ್ಲಿ. ಸಮಾಜ ವಿಜ್ಞಾನದ ಟೀಚರ್. ಸಮಾನತೆಯ ಪಾಠವನ್ನು ಪ್ರತಿ ವರ್ಷ ಜೂನ್‌ನಲ್ಲಿ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ದಿನಕ್ಕೆರಡು ಸಲ ಬಸ್ಸಿನಲ್ಲಿ ಕೂತು ಬೇಸರವಾಗಿ, ಮೊಬೈಲ್ ನೋಡಿಕೊಂಡೇ ಸ್ವೆಟರ್ ಹೆಣೆಯುವುದನ್ನು ಕಲಿತೆ. ಸೀದಾ, ಉಲ್ಟಾ, ಮತ್ತೆ ಸೀದಾ. ಎರಡು ವರ್ಷದಲ್ಲಿ ಮನೆಯವರಿಗೆಲ್ಲ ಸ್ವೆಟರ್ ಆಯಿತು. ಈ ಸೆಕೆಯ ಊರಿನಲ್ಲಿ ಅದನ್ನು ಯಾರೂ ತೊಡುವುದಿಲ್ಲ ಎನ್ನುವುದು ಬೇರೆ ಮಾತು.

ಹೋದ ವರ್ಷ ನನ್ನ ನಾದಿನಿ ಸಿಂಧು ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಮಗುವಿಗೆ ಏನಾದರೂ ಜೋರಾಗಿ ಮಾಡಿಕೊಡಬೇಕು ಅಂತ ನನಗೆ ಆಸೆ. ನಾರ್ವೆ ದೇಶದ ಹೆಂಗಸೊಬ್ಬಳು ವೆಬ್‌ಸೈಟಿನಲ್ಲಿ ಹಾಕಿದ್ದ ಶಾಲಿನ ಪ್ಯಾಟರ್ನ್ ಸಿಕ್ಕಿತು. ಜೇಡರಬಲೆಯ ಹಾಗಿತ್ತು ನೋಡಲು. ಆಕೆ ಹೇಳಿದ ದಾರ ಅರ್ಧ ರೇಷ್ಮೆ, ಅರ್ಧ ಉಣ್ಣೆ. ನೂರು ಗ್ರಾಮಿನಲ್ಲಿ ಎಂಟುನೂರು ಮೀಟರ್ ಬರಬೇಕು. ತರಿಸೋಣವೆಂದರೆ ದಾರಕ್ಕಿಂತ ಅದನ್ನು ಕಳಿಸುವ ಖರ್ಚೇ ಜಾಸ್ತಿ, ಬರುವುದೂ ಮೂರು ತಿಂಗಳಿಗೆ.

ನಂಜನಗೂಡಿನ ಫ್ಯಾನ್ಸಿ ಸ್ಟೋರಿನ ಶಿವಮೂರ್ತಿ ಗುಲಾಬಿ, ಗಿಳಿಹಸಿರು, ಅರಿಶಿನ ಬಣ್ಣದ ಉಲ್ಲನ್ ಉಂಡೆಗಳನ್ನು ಟೇಬಲ್ ಮೇಲೆ ಸುರಿದ. ಎಲ್ಲವೂ ಹಗ್ಗದಷ್ಟು ದಪ್ಪ.

"ಇದಕ್ಕಿಂತ ಸಣ್ಣದು ಇಲ್ವಾ?" ಎಂದೆ.

"ಉಲ್ಲನ್ ಅಂದ್ರೆ ಉಲ್ಲನ್ ಕಣಕ್ಕ. ಅದ್ರಲ್ಲಿ ಸಣ್ಣ ದಪ್ಪ ಅಂತ ಎಲ್ಲೈತೆ?"

ಮೈಸೂರಿಗೂ ಹೋಗಿ ಬಂದೆ. ಅಲ್ಲಿ ಸಣ್ಣದು ಸಿಕ್ಕಿತು, ಆದರೆ ಪ್ಲಾಸ್ಟಿಕ್ಕಿನ ಹಾಗೆ ಕಿರಿಕಿರಿ ಎನ್ನುತ್ತಿತ್ತು. ಹುಟ್ಟಿದ ಕೂಸಿನ ಮೈಗೆ ಅದನ್ನು ಹಾಕುವ ಹಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಪೇಚಾಡುತ್ತಿದ್ದಾಗ ಪಕ್ಕದ ಕುರ್ಚಿಯ ಧನುಶ್ರೀ, ನಮ್ಮ ಶಾಲೆಯ ಅತಿಥಿ ಶಿಕ್ಷಕಿ, "ಮೇಡಂ, ನಮ್ಮಜ್ಜೀನ ಒಂದ್ಸಲ ಕೇಳೋಣ. ರೇಷ್ಮೆ ಅಂದ್ರೆ ಅವ್ರೇ" ಎಂದಳು.

ಹಾಗೆ ನಾನು ಮರಿತಾಯಮ್ಮನ ಮನೆಗೆ ಹೋದದ್ದು. ಕಾಲೋನಿಯ ಮೂರನೇ ಬೀದಿಯಲ್ಲಿ ತಾರಸಿ ಮನೆ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಅವರ ಕೆಳಗೆ ಮರಿತಾಯಮ್ಮನ ಗಂಡ ಚಲುವಯ್ಯನವರ ಫೋಟೊ. ಕಾಫಿ ಕೊಟ್ಟರು, ಕುಡಿದೆ. ಕುಡಿದೆ ಅಂತ ನನ್ನ ಬಗ್ಗೆ ನನಗೇ ಎಷ್ಟು ಮೆಚ್ಚುಗೆಯಾಯಿತು ಅಂದರೆ, ಮನೆಗೆ ಹೋಗುವ ಬಸ್ಸಿನಲ್ಲೂ ಅದೇ ಯೋಚನೆ. ಒಂದು ಲೋಟ ಕಾಫಿಗೆ ಇಷ್ಟು ಬೀಗಿದವಳ ಯೋಗ್ಯತೆ ಎಷ್ಟೆಂದು ನನಗೆ ಅವತ್ತೇ ತಿಳಿಯಬೇಕಿತ್ತು.

ನಾನು ಪ್ಯಾಟರ್ನ್ ಓದಿ ಹೇಳಿದೆ. ಅವರು ಬೆರಳಲ್ಲೇ ಲೆಕ್ಕ ಹಾಕಿದರು.

"ನೂರು ಗ್ರಾಮ್ಗೆ ಎಂಟುನೂರು ಮೀಟ್ರು. ಅಂದ್ರೆ ಒಂದು ಗ್ರಾಮ್ಗೆ ಎಂಟು ಮೀಟ್ರು. ಅಷ್ಟೇ ತಾನೆ?"

ಅಷ್ಟೇ. ಎರಡು ಪೇಟೆ ಸುತ್ತಿದರೂ ನನಗೆ ಹೊಳೆಯದೇ ಇದ್ದದ್ದು ಅಷ್ಟೇ. ಅವರ ಘಟಕದಲ್ಲಿ ನೂಲನ್ನು ಸಣ್ಣ, ದಪ್ಪ ಎಂದು ಯಾರೂ ಹೇಳುತ್ತಿರಲಿಲ್ಲವಂತೆ. ಇಷ್ಟು ಉದ್ದ ಸುತ್ತು, ತೂಕ ಹಾಕು, ಎಷ್ಟು ಬಂತು ನೋಡು. ಇಷ್ಟೇ ಭಾಷೆ. ತೂಕ ಹಾಕುವ ಮೊದಲೇ ಮರಿತಾಯಮ್ಮ ಬೆರಳ ಸಂದಿಯಲ್ಲಿ ಎಳೆದು ಹೇಳಿಬಿಡುತ್ತಿದ್ದರಂತೆ. ಸೂಪರ್‌ವೈಸರ್ ಮೊದಲು ಆಕೆಯನ್ನು ಕೇಳಿ, ಆಮೇಲೆ ತಕ್ಕಡಿ ಮುಟ್ಟುತ್ತಿದ್ದನಂತೆ.

ಗೂಡಿನ ವ್ಯಾಪಾರದ ಹಳೇ ಪರಿಚಯದವರಿಂದ ಅವರು ತೂತುಬಿದ್ದ ಗೂಡು ತರಿಸಿದರು. ಬಿತ್ತನೆಗೆ ಬಿಟ್ಟಾಗ ಚಿಟ್ಟೆ ಕೊರೆದುಕೊಂಡು ಹೊರಗೆ ಬಂದಿರುತ್ತದಲ್ಲ, ಅಂಥದ್ದು. ರೀಲಿಂಗಿಗೆ ಬಾರದ ಮಾಲು. ಸೋಪು, ಸೋಡಾ ಹಾಕಿ ಕುದಿಸಿದಾಗ ಹಳದಿ ಬಣ್ಣದ ಅಂಟೆಲ್ಲ ಬಿಟ್ಟು ಕೆನೆಬಣ್ಣದ ಹತ್ತಿಯಂಥದ್ದು ಕೈಗೆ ಬಂತು. ಅದನ್ನು ಅವರು ಕೈಯಲ್ಲಿ ತಿರುಗಿಸುವ ತಕಲಿಯಲ್ಲಿ ನೂತರು. ಪ್ರೈಮರಿ ಶಾಲೆಯಲ್ಲಿ ಕಲಿತ ತಕಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಕಲಿತದ್ದರಲ್ಲಿ ಕೈಯಲ್ಲಿ ಉಳಿದದ್ದು ಕನ್ನಡದ ಅಕ್ಷರ ಮತ್ತು ಇದು ಎಂದರು.

ಎಂಟು ಮೀಟರ್ ನೂತು, ಚಿಕ್ಕ ಉಂಡೆ ಮಾಡಿ, ಪೇಟೆಯ ಚಿನ್ನದಂಗಡಿಗೆ ಹೋದೆವು. ಅಂಗಡಿಯ ಮಹದೇವಸ್ವಾಮಿ ಉಂಗುರ ತೂಗುವ ತಕ್ಕಡಿಯ ಮೇಲೆ ಅದನ್ನಿಟ್ಟು, "ಏನಮ್ಮಾ, ದಾರಾವ ಒತ್ತೆ ಇಡಕ್ಕೆ ಬಂದಿದ್ದೀರಾ?" ಎಂದು ತಮಾಷೆ ಮಾಡಿದ. ಮೊದಲ ಸಲ ಸ್ವಲ್ಪ ಜಾಸ್ತಿ ತೂಗಿತು. ಎರಡನೆಯ ಸಲ ಕಡಿಮೆ. ಮೂರನೆಯ ಸಲ ಸರಿಯಾಗಿ ಒಂದು ಗ್ರಾಂ. ಮರಿತಾಯಮ್ಮ ಆ ಎಳೆಯನ್ನು ಹೆಬ್ಬೆಟ್ಟು, ತೋರುಬೆರಳಿನ ನಡುವೆ ಒಂದು ನಿಮಿಷ ಉಜ್ಜಿದರು. "ಸರಿ, ಕೈ ಇಡ್ಕತು" ಎಂದರು. ಆಮೇಲೆ ತಕ್ಕಡಿ ಬೇಕಾಗಲಿಲ್ಲ.

ಒಂದೂವರೆ ತಿಂಗಳು ನೂತರು. ಅವರು ಕೇಳಿದ ಕೂಲಿ ಕೊಟ್ಟೆ, ತೆಗೆದುಕೊಂಡರು. ಹಾಗಾಗಿ ಇದು ದುಡ್ಡಿನ ವಿಷಯವಲ್ಲ. ಕೊನೆಯ ಲಡಿ ಕೊಡುವಾಗ ಒಂದೇ ಮಾತು ಹೇಳಿದರು. "ಮಗಿನ ಮೈಮೇಲೆ ಎಂಗ್ ಕಾಣ್ತದೋ ಒಂದ್ಸಲ ನೋಡ್ಬೇಕು ಕಣವ್ವ. ಇಷ್ಟ್ ವರ್ಸ ನೂಲು ತೆಗ್ದೆ, ಅದ್ರಿಂದ ಏನಾಯ್ತು ಅಂತ ಒಂದಪನೂ ನೋಡ್ನಿಲ್ಲ."

ಎಳೆ ಸರಿಯಿತ್ತು. ರೇಷ್ಮೆ ಉಣ್ಣೆಯಂತೆ ಹಿಗ್ಗಿ ಕುಗ್ಗದೆ ಜೋಲುತ್ತದೆ ಅಂತ ಒಂದು ನಂಬರ್ ಸಣ್ಣ ಕಡ್ಡಿ ಹಿಡಿದೆ. ಹೆಣೆದು ಮುಗಿಸಿದ ಶಾಲು ನೋಡಿ ನನಗೇ ನಂಬಿಕೆ ಬರಲಿಲ್ಲ. ಫೋಟೊ ತೆಗೆದು ಆ ವೆಬ್‌ಸೈಟಿಗೆ ಹಾಕಿದೆ. ಯಾವ ದಾರ ಬಳಸಿದಿರಿ ಎಂದು ಅಲ್ಲಿ ಒಂದು ಕಾಲಂ ಇರುತ್ತದೆ. ನಾನು ಇಂಗ್ಲಿಷಿನಲ್ಲಿ ಬರೆದೆ: ಇದನ್ನು ನೂತವರು ತಿ. ನರಸೀಪುರದ ಮರಿತಾಯಮ್ಮ, ಅವರ ಬೆರಳು ತಕ್ಕಡಿಗಿಂತ ನಿಖರ. ಎರಡೇ ದಿನದಲ್ಲಿ ಅರವತ್ತು ಜನ ಮೆಚ್ಚಿದರು. ಪ್ಯಾಟರ್ನ್ ಬರೆದಾಕೆಯೇ, ಮರಿತಾಯಮ್ಮ ಯಾರು, ನಮಗೂ ನೂತು ಕೊಡುತ್ತಾರಾ ಎಂದು ಕೇಳಿದಳು. ನಾನು ಉದ್ದುದ್ದ ಉತ್ತರ ಬರೆದೆ. ಕಾಲೋನಿ, ಬುದ್ಧ, ಸವೆದ ಬೆರಳು, ಏನನ್ನೂ ಬಿಡಲಿಲ್ಲ.

ಅದರ ಮರುದಿನ ನಾಮಕರಣ. ಶಾಲೆಯ ಸಹೋದ್ಯೋಗಿಗಳನ್ನೆಲ್ಲ ಕರೆದಿದ್ದೆ, ಧನುಶ್ರೀಯೂ ಅವರಲ್ಲಿ ಒಬ್ಬಳು. ಅಜ್ಜಿಯನ್ನೂ ಕರೆದುಕೊಂಡು ಬಾ ಎಂದು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ. ಹೇಳದೇ ಬಿಟ್ಟರೆ ತಾನಾಗಿ ಬಗೆಹರಿಯುತ್ತದೆ ಅಂದುಕೊಂಡಿದ್ದೆ.

ಕಳಲೆಯಿಂದ ಸಿಂಧುವಿನ ಗಂಡನ ಕಡೆಯವರು ಒಂದು ವ್ಯಾನ್ ತುಂಬ ಬಂದಿದ್ದರು. ಸಿಂಧು ತನ್ನ ಕೈಬಳೆ ತೆಗೆದು ಅದರೊಳಗೆ ಇಡೀ ಶಾಲನ್ನು ತೂರಿಸಿ ತೋರಿಸಿದಳು. ಹೆಂಗಸರೆಲ್ಲ ಅಬ್ಬಬ್ಬಾ ಎಂದರು. ಅತ್ತೆ ಶಿವನಂಜಮ್ಮ ಮಗುವಿಗೆ ಅದನ್ನು ಹೊದಿಸಿ ತೊಡೆಯ ಮೇಲೆ ಮಲಗಿಸಿಕೊಂಡರು. ಅತ್ತೆಯ ಅಕ್ಕ ಚಾಮುಂಡಮ್ಮ ಅಂಚನ್ನು ಮುಟ್ಟಿ ಮುಟ್ಟಿ ನೋಡಿ, "ಎಲ್ಲಿ ತಗಂಡೆ ಸುನೀತಾ ಈ ದಾರಾವ?" ಎಂದು ಕೇಳಿದರು.

ಆಗ ಮರಿತಾಯಮ್ಮ ನಡುಮನೆಯಲ್ಲೇ ನಿಂತಿದ್ದರು. ನೀಲಿ ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಪಕ್ಕದಲ್ಲಿ ಧನುಶ್ರೀ. ಮಗುವನ್ನೇ ನೋಡುತ್ತಿದ್ದರು. ನಾನು ಕೈ ತೋರಿಸಿದ್ದರೆ ಸಾಕಿತ್ತು, ಇವರೇ ಎಂದು. ಕಾಲೋನಿಯ ಮನೆಯಲ್ಲಿ ನೂತ ದಾರವೆಂದು ಗೊತ್ತಾದರೆ ಅತ್ತೆ ಮಗುವಿನ ಮೈಮೇಲಿಂದ ತೆಗೆದುಬಿಡುತ್ತಾರೆ, ಅಷ್ಟು ಜನರ ಮುಂದೆ ರಾದ್ಧಾಂತವಾಗುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕಿತು. ಬಾಯಿ ಅದಕ್ಕಿಂತ ಬೇಗ ತೆರೆಯಿತು.

"ಫಾರಿನ್ನಿಂದ ತರಿಸ್ದೆ ದೊಡ್ಡಮ್ಮ" ಎಂದೆ.

"ನೋಡ್ದಾ! ಫಾರಿನ್ ದಾರವಂತೆ" ಎಂದು ಚಾಮುಂಡಮ್ಮ ಹತ್ತಿರ ನಿಂತವರಿಗೆಲ್ಲ ಹೇಳಿದರು. ಹತ್ತಿರ ನಿಂತವರಲ್ಲಿ ಮರಿತಾಯಮ್ಮನೂ ಇದ್ದರು. ಅವರು ನನ್ನ ಮುಖ ನೋಡಿದರು. ಒಂದೇ ಸಲ, ಅದೂ ಅರೆಗಳಿಗೆ.

"ಊಂ ಕಣವ್ವ, ನೋಡುದ್ರೇ ಗೊತ್ತಾಯ್ತದೆ. ನಮ್ ಕಡೆದಲ್ಲ ಅದು" ಎಂದರು.

ನನ್ನ ಮಾನ ಉಳಿಸಿದರು. ನಾನು ಭೂಮಿಗಿಳಿದು ಹೋದೆ. ಅವರನ್ನು ಊಟಕ್ಕೆ ಕೂರಿಸಿ ಎರಡೆರಡು ಸಲ ಪಾಯಸ ಬಡಿಸಿದೆ, ಸಾಕು ಎಂದರೂ ಬಿಡಲಿಲ್ಲ. ನಾನು ಮಾಡಿದ್ದು ಪಾಯಸ ಬಡಿಸಿ ಮುಚ್ಚಿಕೊಳ್ಳುವಂಥದ್ದೇ? ಧನುಶ್ರೀ ಎಲೆಯಿಂದ ತಲೆ ಎತ್ತಲಿಲ್ಲ. ಸೋಮವಾರ ಸ್ಟಾಫ್ ರೂಮಿನಲ್ಲಿ ಅವಳ ಕುರ್ಚಿ ಕಿಟಕಿಯ ಪಕ್ಕಕ್ಕೆ ಹೋಗಿತ್ತು.

ಒಂದು ವಾರ ತಡೆದುಕೊಂಡೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಮರಿತಾಯಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ತಪ್ಪಾಯಿತು ಎಂದೆ. ಅಳು ಬಂತು, ಅತ್ತುಬಿಟ್ಟೆ. ಆಮೇಲೂ ನನ್ನ ಬುದ್ಧಿ ನೋಡಿ, ಮೊಬೈಲ್ ತೆಗೆದು ಆ ಪುಟ ತೋರಿಸಿದೆ. ನಾನು ಅಷ್ಟೇನೂ ಕೆಟ್ಟವಳಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಿತ್ತಲ್ಲ.

ಒಳಗಿನಿಂದ ಬಂದ ಧನುಶ್ರೀ ಮೊಬೈಲನ್ನು ಇಸಿದುಕೊಂಡು ಅಜ್ಜಿಗೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಬೆರಳಿನ ಮಾತು ಬಂದಾಗ ಮರಿತಾಯಮ್ಮನ ಮುಖ ಅರಳಿತು. ಮುಗಿದ ಮೇಲೆ ಕೇಳಿದರು.

"ಇದ್ನ ಯಾರು ಓದ್ತಾರೆ?"

"ಹೊರದೇಶದವರು. ತುಂಬ ಜನ ಓದಿದ್ದಾರೆ" ಎಂದೆ.

"ನಿಮ್ಮತ್ತೆರ್ಗೆ ಇಂಗ್ಲೀಸ್ ಬತ್ತದಾ?"

"ಇಲ್ಲ."

ಅವರು ಇನ್ನೂ ನಾಲ್ಕು ಕಾಯಿ ಬಿಡಿಸಿದರು. "ಅವ್ರ್ಯಾರೋ ನನ್ನ ಮಕ ಕಾಣ್ದೋರು. ಅವ್ರ್ಗೆ ಗೊತ್ತಾದ್ರೆ ನಂಗೇನವ್ವ? ನಂಜನಗೂಡ್ನಲ್ಲಿ ಯೋಳಿ, ಕನ್ನಡದಲ್ಲಿ ಯೋಳಿ" ಎಂದರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವತ್ತು ಸಂಜೆಯೇ ಹೇಳಿದೆ. ಅತ್ತೆ ಮಗುವಿನ ಬಟ್ಟೆ ಮಡಿಸುತ್ತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ, ನೀವು ಏನನ್ನುತ್ತೀರೋ ಅಂತ ಹೆದರಿ ಸುಳ್ಳು ಹೇಳಿದೆ ಎಂದೂ ಸೇರಿಸಿದೆ. ಅವರು ಶಾಲನ್ನು ಕೈಗೆತ್ತಿಕೊಂಡರು.

"ಮೊದ್ಲೇ ಗೊತ್ತಿದ್ರೆ ಮಗೀಗೆ ಹಾಕ್ತಿರ್ನಿಲ್ಲ. ಸುಳ್ಳ್ಯಾಕೆ ಹೇಳ್ಲಿ" ಎಂದರು. ಶಾಲಿನ ಅಂಚನ್ನು ಜೋಡಿಸುತ್ತ ಮುಂದುವರಿಸಿದರು, "ಆದ್ರೆ ಅವತ್ತು ಆಯಮ್ಮ ಬಾಗ್ಲಲ್ಲಿ ನಿಂತಾಗ ಎದ್ದೋಗಿ 'ಬನ್ನಿ ಒಳಕ್ಕೆ' ಅಂದೋಳು ನಾನು. ಯಾರು ಅಂತ ನಂಗೆ ಗೊತ್ತಿರ್ನಿಲ್ಲ. ನಿಂಗೆ ಗೊತ್ತಿತ್ತು. ನೀನು ಅಡ್ಗೆಮನೆ ಬಾಗ್ಲಲ್ಲಿ ನಿಂತ್ಕಂಡು ನೋಡ್ತಿದ್ದೆ."

ಶಾಲನ್ನು ಮಡಿಸಿ, ಮಗುವಿನ ಉಳಿದ ಬಟ್ಟೆಗಳ ಮೇಲೆ ಇಟ್ಟು ಒಳಗೆ ಹೋದರು.

ಅತ್ತೆ ಹೇಳಿದ್ದು ನಿಜ. ನಾಮಕರಣದ ಬಗ್ಗೆ ಬರೆಯುವಾಗ ಮರಿತಾಯಮ್ಮನನ್ನು ನೇರವಾಗಿ ನಡುಮನೆಯಲ್ಲೇ ತಂದು ನಿಲ್ಲಿಸಿದೆನಲ್ಲ, ಅದು ಮರೆತು ಆದದ್ದಲ್ಲ. ಅವರು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ನನ್ನನ್ನು ಕಂಡು ನಕ್ಕು, ನಾನು ಬನ್ನಿ ಎನ್ನಲಿ ಎಂದು ಕಾದು ನಿಂತಿದ್ದರು.